ಬಿಸಿಲ ನಾಡಿನಲ್ಲಿ ಬಯಲಿನ ಹುಡುಕಾಟ

ದಾವಣಗೆರೆಯಿಂದ ಸಂತೇಬೆನ್ನೂರು ಮಾರ್ಗವಾಗಿ ಚನ್ನಗಿರಿಗೆ ಹೊರಟರೆ, ಭದ್ರಾ ನಾಲೆಗೆ ನೀರು ಬಿಟ್ಟ ವರ್ಷಗಳಲ್ಲಿ, ಏಪ್ರಿಲ್ ತಿಂಗಳ ರಣಬಿಸಿಲಲ್ಲೂ ರಸ್ತೆಯ ಆಚೀಚೆ ಹಸಿರೋ ಹಸಿರು. ಬೇಸಿಗೆ ಭತ್ತ, ಅದರಾಚೆ ಅಡಿಕೆ ತೋಟ. ಅದೇ ದಾವಣಗೆರೆಯಿಂದ ಜಗಳೂರಿನ ಬಸ್ಸು ಹತ್ತಿದರೆ ನೋಟವೇ ಬೇರೆ. ಮೆಕ್ಕೆಜೋಳ ಮುರಿದ ಮೇಲೆ ಖಾಲಿ ಬಿದ್ದ ಹೊಲಗಳು, ಜಾಲಿಗಿಡ, ತಳ ಕಂಡ ಕೆರೆಗಳು. ಒಂದೇ ಜಿಲ್ಲೆಯ ಈ ಎರಡು ಮುಖಗಳು ರೈತರಿಗೆ ಹೊಸದಲ್ಲ. ಕಾಲೇಜು ಹುಡುಗರಿಗೆ ಮಾತ್ರ ಇದು ಇನ್ನೊಂದು ಬಗೆಯಲ್ಲಿ ಗೊತ್ತು. ನೀರಿದ್ದ ಕಡೆ ಆಡಲು ಬಯಲಿಲ್ಲ. ಬಯಲಿದ್ದ ಕಡೆ ಕುಡಿಯಲು ನೀರಿಲ್ಲ!

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಬಂದದ್ದು ಚಿತ್ರದುರ್ಗದಿಂದ. ಚನ್ನಗಿರಿ, ಹೊನ್ನಾಳಿಗಳು ಬಂದದ್ದು ಶಿವಮೊಗ್ಗದಿಂದ. ಹೊನ್ನಾಳಿಯ ಮಡಿಲಲ್ಲೇ ಇದ್ದ ನ್ಯಾಮತಿ 2018ರಲ್ಲಿ ಬೇರೆ ತಾಲ್ಲೂಕಾಯಿತು. ಪರೀಕ್ಷೆ ಮುಗಿದು ರಜೆ ಬಂದೊಡನೆ ಈ ನಾಲ್ಕೂ ಕಡೆ ಪದವಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: ಕಾಲೇಜು ತಂಡವೇನೋ ಚದುರಿತು, ಮುಂದಿನ ಎರಡು ತಿಂಗಳು ಆಡುವುದೆಲ್ಲಿ?

ಚನ್ನಗಿರಿಯಲ್ಲಿ ಇದಕ್ಕೆ ಉತ್ತರ ಸಿಗುವುದು ಚಹಾದಂಗಡಿಯ ಗೋಡೆಯ ಮೇಲೆ. ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿಯ ಭಿತ್ತಿಪತ್ರ ಅಲ್ಲಿ ಅಂಟಿರುತ್ತದೆ. ಈಗ ಅದೇ ಚಿತ್ರ ಮೊಬೈಲಿನಿಂದ ಮೊಬೈಲಿಗೂ ಹಾರುತ್ತದೆ. ಪ್ರವೇಶ ಶುಲ್ಕ, ಮೊದಲ ಬಹುಮಾನ, ಎರಡನೇ ಬಹುಮಾನ, ಒಂದು ದೂರವಾಣಿ ಸಂಖ್ಯೆ, ಅಷ್ಟೆ. ಗದ್ದೆಗೆ ನೀರು ಕಟ್ಟಿರುವುದರಿಂದ ಆಟಕ್ಕೆ ಶಾಲೆಯ ಅಂಗಳವೇ ಗತಿ. ಕೆರೆಯಂಗಳ ಒಣಗಿದರೆ ಅದೂ ಮೈದಾನವೇ.

ಹೊನ್ನಾಳಿಯಲ್ಲಿ ತುಂಗಭದ್ರೆ ಬೇಸಿಗೆಯಲ್ಲಿ ಸೊರಗಿ ಹರಿಯುತ್ತಾಳೆ. ಯುಗಾದಿಯ ಆಸುಪಾಸಿನಲ್ಲಿ ಜಾತ್ರೆಗಳ ಸಾಲು. ಜಾತ್ರೆಯೆಂದರೆ ಈ ಸೀಮೆಯಲ್ಲಿ ತೇರಿನ ಜೊತೆಗೆ ಬಯಲು ಕುಸ್ತಿಯೂ ಇರಬೇಕು. ರಾತ್ರಿ ದೀಪದ ಬೆಳಕಿನಲ್ಲಿ ಕಬಡ್ಡಿ. 2014ರಲ್ಲಿ ಪ್ರೊ ಕಬಡ್ಡಿ ಟೀವಿಗೆ ಬಂದ ಮೇಲೆ ಹಳ್ಳಿಯ ಹುಡುಗರಿಗೂ ಮ್ಯಾಟ್ ಮೇಲೆ ಆಡುವ ಆಸೆ. ಹೊನ್ನಾಳಿ–ಶಿವಮೊಗ್ಗ ಹಾದಿಯಲ್ಲಿರುವ ನ್ಯಾಮತಿಯ ಆಟಗಾರನಿಗೆ ಶಿವಮೊಗ್ಗವೇ ಹತ್ತಿರ. ಕಾಗದ ಪತ್ರಕ್ಕೆ ದಾವಣಗೆರೆ, ಅಭ್ಯಾಸಕ್ಕೆ ಶಿವಮೊಗ್ಗ ಎಂಬ ಪರಿಸ್ಥಿತಿ ಅವನದು.

ಜಗಳೂರಿನ ಕಷ್ಟ ಬೇರೆಯೇ. ರಂಗಯ್ಯನದುರ್ಗದ ಕೊಂಡುಕುರಿಯಂಥ ಅಪರೂಪದ ಪ್ರಾಣಿಗೆ 2011ರಲ್ಲಿ ಇಲ್ಲಿ ಅಭಯಾರಣ್ಯ ಸಿಕ್ಕಿತು. ಆದರೆ ಮಳೆಯನ್ನೇ ನಂಬಿದ ಈ ತಾಲ್ಲೂಕಿನಲ್ಲಿ ಬೇಸಿಗೆಯೆಂದರೆ ಕೂಲಿ ಹುಡುಕಿ ಗುಳೆ ಹೋಗುವ ಕಾಲ. ವಾಲಿಬಾಲ್ ನೆಟ್ಟು ಕಟ್ಟಲು ಜಾಗಕ್ಕೇನೂ ಬರವಿಲ್ಲ. ಕಟ್ಟಿದ ನೆಟ್ಟಿನ ಎರಡೂ ಕಡೆ ಆರಾರು ಜನ ಸೇರುವುದೇ ಕಷ್ಟ. ರಜೆಯಲ್ಲಿ ನಾಲ್ಕು ಕಾಸು ದುಡಿದರೆ ಮುಂದಿನ ವರ್ಷದ ಫೀಸಿಗಾಯಿತು ಎನ್ನುವ ಮನೆಯಲ್ಲಿ, ಆಟಕ್ಕೆ ಹೋಗುತ್ತೇನೆಂದು ಮಗ ಹೇಳುವುದಾದರೂ ಹೇಗೆ?

ಇದೇ ಪ್ರಶ್ನೆಗೆ ಅಮೆರಿಕದ ಸಣ್ಣ ಊರುಗಳು ಒಂದು ದಾರಿ ಕಂಡುಕೊಂಡಿವೆ. ಅಲ್ಲಿನ ಕಾಲೇಜುಗಳ ಬೇಸ್‌ಬಾಲ್ ಆಟಗಾರರು ಬೇಸಿಗೆ ಬಂತೆಂದರೆ ಊರೂರಿನ ಲೀಗುಗಳಿಗೆ ಹೋಗುತ್ತಾರೆ. ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಲೀಗ್ ಇವುಗಳಲ್ಲೆಲ್ಲ ಹೆಸರುವಾಸಿ. ಅದು ತನ್ನ ಹುಟ್ಟನ್ನು 1885ರಿಂದ ಎಣಿಸುತ್ತದೆ. ಸಮುದ್ರತೀರದ ಹತ್ತು ತಂಡಗಳು, ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ಆಟ. ಆಟಗಾರರಿಗೆ ಸಂಬಳವಿಲ್ಲ, ನೋಡುವವರಿಗೆ ಟಿಕೆಟ್ಟಿಲ್ಲ. ದೂರದಿಂದ ಬಂದ ಹುಡುಗರನ್ನು ಊರಿನ ಕುಟುಂಬಗಳೇ ಮನೆಯಲ್ಲಿಟ್ಟುಕೊಂಡು ಊಟ ಹಾಕುತ್ತವೆ. ಕಾಲೇಜಿನಲ್ಲಿ ಲೋಹದ ಬ್ಯಾಟು ಹಿಡಿಯುವ ಹುಡುಗ ಇಲ್ಲಿ ವೃತ್ತಿಪರರಂತೆ ಮರದ ಬ್ಯಾಟು ಹಿಡಿಯಬೇಕು. ಲೋಹ ಮುಚ್ಚಿಡುವ ತಪ್ಪನ್ನು ಮರ ತೋರಿಸಿಬಿಡುತ್ತದೆ. ಬೇಸಿಗೆ ಲೀಗಿನ ಗುಟ್ಟು ಇರುವುದು ಇಲ್ಲಿ. ಅದು ಕಾಲಕ್ಷೇಪವಲ್ಲ, ಒಂದು ಮೆಟ್ಟಿಲು ಮೇಲಿನ ಪರೀಕ್ಷೆ.

ಚಿನ್ನಿದಾಂಡು ಆಡಿದ ಕೈಗೆ ಬೇಸ್‌ಬಾಲ್ ತೀರಾ ಅಪರಿಚಿತವೇನಲ್ಲ. ಈ ಆಟಕ್ಕೆ ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯೂ ಇದೆ. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬಿಬ್ಬರು ಜಾವೆಲಿನ್ ಎಸೆತಗಾರರು ಚೆಂಡೆಸೆಯುವ ಸ್ಪರ್ಧೆಯೊಂದರಲ್ಲಿ ಮಿಂಚಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯ ಒಪ್ಪಂದ ಪಡೆದರು. ಆದರೆ ಹೊನ್ನಾಳಿಯ ಹುಡುಗನಿಗೆ ಬೇಕಿರುವುದು ಅಮೆರಿಕದ ಆಟವಲ್ಲ, ಆ ಊರುಗಳ ವ್ಯವಸ್ಥೆ.

ಅದರ ಬಿಡಿಭಾಗಗಳು ಇಲ್ಲಿಯೂ ಇವೆ, ಹುಡುಕಬೇಕಷ್ಟೆ. ಮೊದಲು ಕೇಳಬೇಕಾದವರು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಈ ನಾಲ್ಕು ತಾಲ್ಲೂಕುಗಳ ಪದವಿ ಕಾಲೇಜುಗಳು 2009ರಲ್ಲಿ ಆರಂಭವಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯವು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಯಾವಾಗ, ಎಲ್ಲಿ ಎಂಬುದನ್ನು ರಜೆಗೆ ಮುನ್ನವೇ ತಿಳಿದುಕೊಂಡರೆ ಬೇಸಿಗೆಯ ಅಭ್ಯಾಸಕ್ಕೊಂದು ಗುರಿ ಸಿಗುತ್ತದೆ. ಎರಡನೆಯದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಇಲಾಖೆಯ ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆಗೆ, ವಿಭಾಗಕ್ಕೆ, ಕೊನೆಗೆ ಮೈಸೂರಿಗೆ ಏರುವ ಏಣಿ. ಮೇ ತಿಂಗಳಲ್ಲಿ ಮೈ ಬಗ್ಗಿಸಿದವನು ಮಳೆಗಾಲದ ಕೊನೆಗೆ ಅದರ ಮೊದಲ ಮೆಟ್ಟಿಲು ಹತ್ತಬಹುದು.

ಕ್ರಿಕೆಟ್ ಬಗ್ಗೆ ಗಂಭೀರವಾಗಿರುವವರು ಒಂದು ಮಾತು ನೆನಪಿಡಬೇಕು. ಟೆನಿಸ್ ಚೆಂಡು ಕೈಗೆ ಬಲ ಕೊಟ್ಟೀತು, ಕಾಲಿಗೆ ಶಿಸ್ತು ಕೊಡದು. ರಾಜ್ಯ ಕ್ರಿಕೆಟ್ ಸಂಸ್ಥೆಯ ವಲಯ ಲೀಗುಗಳಲ್ಲಿ ಆಡುವುದು ತೊಗಲಿನ ಚೆಂಡಿನಲ್ಲಿ. ದಾವಣಗೆರೆ ಸೇರಿರುವುದು ತುಮಕೂರು ವಲಯಕ್ಕೆ. ದಾವಣಗೆರೆಯ ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದದ್ದನ್ನು ಜಿಲ್ಲೆಯ ಜನ ಮರೆತಿಲ್ಲ.

ಹೆಣ್ಣುಮಕ್ಕಳ ಪಾಡೇನು? ಚಹಾದಂಗಡಿಯ ಭಿತ್ತಿಪತ್ರ ಅವರಿಗಲ್ಲ. ಕಾಲೇಜಿನ ಗೇಟು ಮುಚ್ಚಿದರೆ ಅವರ ಆಟವೂ ಮುಗಿದಂತೆ. ಆದರೆ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ–ಖೋ ವಿಶ್ವಕಪ್ಪನ್ನು ಭಾರತದ ಮಹಿಳೆಯರು ಗೆದ್ದಾಗ, ತಂಡದಲ್ಲಿ ಕರ್ನಾಟಕದ ಬಿ. ಚೈತ್ರಾ ಇದ್ದರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಮಹಿಳೆಯರಿಗೆ ಉಚಿತವಾಗಿರುವುದರಿಂದ, ಜಿಲ್ಲಾ ಕೇಂದ್ರದ ಮೈದಾನಕ್ಕೆ ಹೋಗಲು ದುಡ್ಡಿನ ನೆಪ ಹೇಳುವಂತಿಲ್ಲ. ಮೂವರು ನಾಲ್ವರು ಗೆಳತಿಯರು ಜೊತೆಯಾಗಿ ಹೊರಟರೆ ಹೆತ್ತವರ ಅರ್ಧ ಆತಂಕ ಕಳೆಯುತ್ತದೆ.

ಉಳಿದರ್ಧವೂ ನ್ಯಾಯವಾದದ್ದೇ. ಮಗನನ್ನು ಪಂದ್ಯಕ್ಕೆ ಕಳಿಸುವ ಮುನ್ನ ಅಪ್ಪ ಅಮ್ಮ ಕೆಲವು ಮಾತು ಕೇಳಿ ತಿಳಿಯಬೇಕು. ಪಂದ್ಯ ನಡೆಸುವವರು ಯಾರು? ಹಣ ಕಟ್ಟಿದ್ದಕ್ಕೆ ರಸೀದಿ ಇದೆಯೇ? ಬಾಜಿ ಕಟ್ಟುವವರ ಸುಳಿವಿದೆಯೇ? ಪೆಟ್ಟಾದರೆ ಆಸ್ಪತ್ರೆಗೆ ಒಯ್ಯುವವರಾರು? ಆಟ ಬೆಳಿಗ್ಗೆ ಆರರಿಂದ ಒಂಬತ್ತು, ಮತ್ತೆ ಸಂಜೆ ಬಿಸಿಲಿಳಿದ ಮೇಲೆ ಇದ್ದರೆ ಒಳಿತು. ನಡುವಿನ ಹೊತ್ತು ಓದಿಗೋ, ಮನೆಗೆಲಸಕ್ಕೋ, ಕೂಲಿಗೋ ಉಳಿಯುತ್ತದೆ. ಬೆಲ್ಲ ನಿಂಬೆಹುಳಿಯ ಪಾನಕ, ಉಪ್ಪು ಬೆರೆಸಿದ ಮಜ್ಜಿಗೆ ಜೊತೆಗಿರಲಿ.

ಊರಿನವರ ಪಾಲೂ ಇದೆ. ಜಾತ್ರೆಗೆ ಬಂದ ಪೈಲ್ವಾನರಿಗೆ ಊಟ, ವಸತಿ ಕೊಟ್ಟ ಊರುಗಳಿವು. ತಾಲ್ಲೂಕಿಗೆ ಎರಡು ಮೂರು ತಂಡ ಕಟ್ಟಿ, ಭಾನುವಾರಕ್ಕೊಂದು ಊರಿನಂತೆ ಆಡಿಸಿದರೆ ಮೇ ತಿಂಗಳೊಂದಕ್ಕೆ ಸಾಕಷ್ಟು ಪಂದ್ಯಗಳಾಗುತ್ತವೆ. ಶಾಲೆಯ ಅಂಗಳ, ಒಂದು ಕೊಡ ನೀರು, ಮಧ್ಯಾಹ್ನಕ್ಕೆ ರೊಟ್ಟಿಯೋ ಮುದ್ದೆಯೋ ಇದ್ದರೆ ಸಾಕು. ಹಾಗಾದಾಗ ಜಗಳೂರಿನ ಹುಡುಗ ವಾರದ ಆರು ದಿನ ದುಡಿದೂ ಏಳನೆಯ ದಿನ ಆಟಗಾರನಾಗಿ ಉಳಿಯಬಲ್ಲ.