ಉಗುರಿನಷ್ಟು ವಿಚಾರ

ಕಾಲುಗುರಿನಂತಹ ಕ್ಷುಲ್ಲಕ ವಿಷಯವನ್ನು ಮಾಸಿಕದ ಪುಟಗಳಿಗೆ ತಂದರಲ್ಲಾ ಎಂದು ವಾಚಕರು ಬೇಸರಿಸಬಾರದು. ಹಿಂದೊಮ್ಮೆ ನಾವೂ ಅದನ್ನು ಕ್ಷುಲ್ಲಕವೆಂದೇ ಎಣಿಸಿದ್ದೆವು. "ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?" ಎಂಬ ಗಾದೆಯನ್ನು ಮಾತುಮಾತಿಗೆ ಉದಾಹರಿಸುವ ಮನೆ ನಮ್ಮದು. ಆ ಉಗುರಿನ ಉಪೇಕ್ಷೆಯೇ ಕೊಡಲಿಯನ್ನು ಬಾಗಿಲಿಗೆ ತರಬಲ್ಲದೆಂಬುದನ್ನು ನಮಗೆ ಕಲಿಸಿದ್ದು ನಮ್ಮ ತಾಯಿಯವರ ಬಲಗಾಲಿನ ಹೆಬ್ಬೆರಳು.

ಚಂದ್ರಗಿರಿ ಹೊಳೆಯ ಕಡೆಗೆ ಇಳಿಯುವ ಗುಡ್ಡದ ತಪ್ಪಲಿನಲ್ಲಿ ನಮ್ಮ ಮನೆ. ಅದರ ಕೆಳಗೆ ಅಡಕೆ ತೋಟ. ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ಒಳಗೇ ಬಿದ್ದುಹೋಗುತ್ತದೆ. ಆಟಿ ತಿಂಗಳಲ್ಲಿ ನಮ್ಮವರ ಕಾಲು ಒಣಗುವುದೆಂದರೆ ನಿದ್ರೆಯ ವೇಳೆಯಲ್ಲಿ ಮಾತ್ರ. ತೋಟದ ಕೆಸರು, ಹಾವಸೆ ಹಿಡಿದ ಅಂಗಳ, ನೀರಾರದ ಬಚ್ಚಲು, ಇವುಗಳ ನಡುವೆ ಓಡಾಡುವ ಕಾಲಿನ ಬೆರಳ ಸಂದಿಗಳು ಬೆಳ್ಳಗಾಗಿ, ತುರಿಸಿ, ಬಿರಿಯುತ್ತವೆ. "ಕಾಲಿಗೆ ನಂಜಾಯಿತು" ಎಂದು ನಾವು ಅನ್ನುವುದು ಇದನ್ನೇ. ಮದರಂಗಿ ಸೊಪ್ಪನ್ನು ಅರೆದು ಬೆರಳುಗಳ ಸಂದಿಗೆ ಮೆತ್ತುವುದು, ರಾತ್ರಿ ಮಲಗುವ ಮುನ್ನ ಅರಸಿನ ಕಲಸಿದ ತೆಂಗಿನೆಣ್ಣೆ ಸವರುವುದು ತಲೆತಲಾಂತರದಿಂದ ನಡೆದುಬಂದ ರೂಢಿ. ಹತ್ತರಲ್ಲಿ ಎಂಟು ಮಂದಿಗೆ ಅಷ್ಟರಲ್ಲೇ ಗುಣ ಕಾಣುತ್ತಿತ್ತೆಂದು ನಮ್ಮ ನಂಬಿಕೆ. ಮಳೆ ಬಿಟ್ಟು ಬಿಸಿಲು ಬಂದದ್ದರಿಂದಲೂ ಗುಣವಾಗಿದ್ದೀತೆಂಬ ಯೋಚನೆ ನಮಗೆ ಹೊಳೆದಿರಲಿಲ್ಲ.

2015ರ ಆಟಿಯಲ್ಲಿ ತಾಯಿಯವರ ಹೆಬ್ಬೆರಳಿನ ಉಗುರಿನ ತುದಿ ಬೆಳ್ಳಗಾಯಿತು. ದೀಪಾವಳಿಯ ವೇಳೆಗೆ ಹಳದಿ ತಿರುಗಿ ದಪ್ಪವಾಯಿತು. ಮುಂದಿನ ವಿಷುವಿಗೆ ಅದರ ಅಡಿಯಿಂದ ಗೆದ್ದಲು ತಿಂದ ಮರದಂತೆ ಪುಡಿ ಉದುರತೊಡಗಿತು. ಅವರಿಗೆ ಆಗ ಅರುವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷಗಳಾಗಿದ್ದವು. "ನೋವಿಲ್ಲ ಮಕ್ಕಳೇ, ಇದಕ್ಕೆಲ್ಲ ಡಾಕ್ಟರರ ಬಳಿಗೆ ಹೋಗುವುದೇ?" ಎಂದು ನಕ್ಕುಬಿಡುತ್ತಿದ್ದರು. ನೋವಿಲ್ಲವೆಂಬ ಆ ಒಂದು ಮಾತಿನಿಂದ ನಾವೂ ಸಮಾಧಾನ ಹೊಂದಿದೆವು. ಅದು ಸಮಾಧಾನದ ಮಾತಾಗಿರಲಿಲ್ಲವೆಂಬುದು ಅನಂತರ ತಿಳಿಯಿತು.

ಮದ್ದು ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಬೆಳ್ಳುಳ್ಳಿಯನ್ನು ಜಜ್ಜಿ ಕಟ್ಟಿರೆಂದರು ಒಬ್ಬರು. ವಿನೆಗರ್ ಬೆರೆಸಿದ ನೀರಿನಲ್ಲಿ ಕಾಲು ಅದ್ದಿಡಿರೆಂದು ಪೇಟೆಯಿಂದ ಬಂದ ನೆಂಟರು ಹೇಳಿದರು. ಬೇವಿನೆಣ್ಣೆಯಾಗಲೆಂದು ಇನ್ನೊಬ್ಬರು. ಗೇರೆಣ್ಣೆಗಿಂತ ಮಿಗಿಲಾದುದಿಲ್ಲವೆಂದು ನೆರೆಮನೆಯ ಅಜ್ಜನವರು. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮವನ್ನು ಸುಡುವುದೆಂಬುದನ್ನು ಬಲ್ಲವರಾದುದರಿಂದ ಅದೊಂದನ್ನು ಮಾತ್ರ ಬಿಟ್ಟೆವು. ಹಸಿ ಬೆಳ್ಳುಳ್ಳಿಯನ್ನು ಕಟ್ಟಿಟ್ಟರೆ ಅದೂ ಬೊಕ್ಕೆ ಎಬ್ಬಿಸಬಲ್ಲದೆಂಬುದು ನಮಗೆ ತಿಳಿದಿರಲಿಲ್ಲ. ಒಂದೇ ದಿನಕ್ಕೆ ನಿಲ್ಲಿಸಿದ್ದು ನಮ್ಮ ಪುಣ್ಯ.

ಕೊನೆಗೆ ಬಿಸಿನೀರಿನಲ್ಲಿ ಕಾಲು ಅದ್ದಿಡುವ ಚಿಕಿತ್ಸೆ ಆರಂಭವಾಯಿತು. ಹಂಡೆಯ ನೀರನ್ನು ಬಾಲ್ದಿಗೆ ಸುರಿದು, ಅರಸಿನ, ಉಪ್ಪು, ಬೇವಿನ ಸೊಪ್ಪು ಹಾಕಿ ಪ್ರತಿ ಸಂಜೆ ಕಾಲು ಗಂಟೆ. 2016ರ ಜೂನ್ ತಿಂಗಳ ಒಂದು ಸಂಜೆ ನೀರು ವಿಪರೀತ ಬಿಸಿಯಿತ್ತು. ಯಾರು ಸುರಿದರೆಂಬುದನ್ನು ನಾವು ಇಂದಿಗೂ ಮನೆಯೊಳಗೆ ಚರ್ಚಿಸಿದ್ದಿಲ್ಲ, ಚರ್ಚಿಸುವುದೂ ಇಲ್ಲ. ನಾವು ಸುರಿದೆವು, ಅಷ್ಟೆ. ತಾಯಿಯವರು ಕಾಲಿಟ್ಟು ಕುಳಿತು, ಎಂದಿನಂತೆ ಬತ್ತಿ ಹೊಸೆಯುತ್ತ, ಮೊಮ್ಮಗುವಿಗೆ ಕಥೆ ಹೇಳುತ್ತಿದ್ದರು. ಒಮ್ಮೆಯೂ "ಹಾ" ಎನ್ನಲಿಲ್ಲ. ಕಾಲು ಹೊರತೆಗೆದಾಗ ಪಾದ ಕೆಂಪೇರಿತ್ತು. ಬೆಳಗಾಗುವಷ್ಟರಲ್ಲಿ ಹೆಬ್ಬೆರಳಿನಿಂದ ಅಂಗಾಲಿನವರೆಗೆ ನೀರುಗುಳ್ಳೆಗಳೆದ್ದಿದ್ದವು.

ಡಾಕ್ಟರರು ಮೊದಲು ನೋಡಿದ್ದು ಗುಳ್ಳೆಯನ್ನಲ್ಲ. "ಅಮ್ಮಾ, ಕಣ್ಣು ಮುಚ್ಚಿಕೊಳ್ಳಿ, ತಾಗಿದಾಗ ಹೇಳಿ" ಎಂದು ಒಂದು ನೈಲಾನ್ ಎಳೆಯ ತುದಿಯನ್ನು ಅಂಗಾಲಿನ ಹತ್ತು ಕಡೆ ಒತ್ತಿದರು. ತಾಯಿಯವರು ಹೇಳಿದ್ದು ಎರಡು ಸಲ ಮಾತ್ರ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಕಾಲಿನ ನರಗಳು ಸ್ಪರ್ಶವನ್ನೂ ಬಿಸಿಯನ್ನೂ ಅರಿಯಲಾರದಾಗಿದ್ದವು. ನೋವಿಲ್ಲವೆಂದು ಅವರು ನಗುತ್ತಿದ್ದುದರ ಅರ್ಥ ನಮಗಾದದ್ದು ಅಂದು. ಗುಳ್ಳೆಗಳು ಒಡೆದು ಹುಣ್ಣಾದವು. ಸೋಂಕು ಎಲುಬಿಗೆ ಇಳಿದರೆ ಬೆರಳನ್ನು ತೆಗೆಯಬೇಕಾದೀತೆಂಬ ಮಾತು ಎರಡು ಬಾರಿ ಬಂತು. ಐದು ತಿಂಗಳು ದಿನ ಬಿಟ್ಟು ದಿನ ಪಟ್ಟಿ ಬದಲಿಸುವುದು, ಕಾಲನ್ನು ನೆಲಕ್ಕೆ ಊರದಂತೆ ಕಾಯುವುದು, ಸಕ್ಕರೆಯನ್ನು ಹದ್ದಿನಲ್ಲಿಡುವುದು. ಬೆರಳು ಉಳಿಯಿತು.

ಹುಣ್ಣು ಮಾಗಿದ ಮೇಲೆ ಉಗುರಿನ ಸರದಿ. ಡಾಕ್ಟರರು ಅದರ ಅಡಿಯ ಪುಡಿಯನ್ನು ಕೆರೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸಿದರು. ದಪ್ಪವಾದ, ಬಣ್ಣಗೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಶಿಲೀಂಧ್ರದಿಂದಾದವು. ಉಳಿದವು ಏಟು ಬಿದ್ದೋ, ಬಿಗಿಯಾದ ಪಾದರಕ್ಷೆಯಿಂದಲೋ, ಸೋರಿಯಾಸಿಸ್‌ನಂತಹ ಚರ್ಮರೋಗದಿಂದಲೋ ಆದವು ಎಂದರು. ನಮ್ಮದು ಶಿಲೀಂಧ್ರವೇ ಆಗಿತ್ತು. ಬೆರಳ ಸಂದಿಯ ನಂಜಿಗೂ ಉಗುರಿನ ಈ ರೋಗಕ್ಕೂ ಬಹುತೇಕ ಒಂದೇ ಜಾತಿಯ ಬೂಷ್ಟು ಕಾರಣವೆಂಬುದು ನಮಗೆ ಹೊಸ ಸಂಗತಿ. ಟ್ರೈಕೋಫೈಟಾನ್ ರೂಬ್ರಮ್ ಎಂಬ ಅದು ಚರ್ಮ, ಉಗುರುಗಳಲ್ಲಿರುವ ಕೆರಾಟಿನ್ ಎಂಬ ದ್ರವ್ಯವನ್ನೇ ತಿಂದು ಬದುಕುತ್ತದೆ. ಮೊದಲು ಸಂದಿಯಲ್ಲಿ ನೆಲೆಸಿ, ಅಲ್ಲಿಂದ ಉಗುರಿನ ಅಡಿಗೆ ನುಸುಳುತ್ತದೆ. ಅರಸಿನಕ್ಕೂ ಬೇವಿಗೂ ಶಿಲೀಂಧ್ರವನ್ನು ತಡೆಯುವ ಗುಣ ಪ್ರಯೋಗಾಲಯದಲ್ಲಿ ಕಂಡುಬಂದದ್ದುಂಟು. ಆದರೆ ಗಟ್ಟಿಯಾದ ಉಗುರನ್ನು ದಾಟಿ ಒಳಗಿರುವ ಬೂಷ್ಟನ್ನು ಮುಟ್ಟುವುದು ಮೇಲೆ ಸವರಿದ ಎಣ್ಣೆಗೆ ಸಾಧ್ಯವಾಗಬೇಕಲ್ಲ! ಬಾಗಿಲು ಹಾಕಿದ ಮನೆಯೊಳಗಿನ ಕಳ್ಳನಿಗೆ ಅಂಗಳದಲ್ಲಿ ನಿಂತು ಬೈದಂತೆ ನಮ್ಮ ಚಿಕಿತ್ಸೆ ನಡೆದಿತ್ತು.

ಯಕೃತ್ತಿನ ಪರೀಕ್ಷೆ ಮಾಡಿಸಿದ ಬಳಿಕ ಟರ್ಬಿನಫೀನ್ ಗುಳಿಗೆಯನ್ನು ಮೂರು ತಿಂಗಳು ಕೊಟ್ಟರು. ಅದು ರಕ್ತದ ಮೂಲಕ ಬುಡದಿಂದ ಹುಟ್ಟುವ ಹೊಸ ಉಗುರಿಗೆ ಸೇರುತ್ತದೆ. ಹಳೆಯದು ಮುಂದೆ ಸರಿದು ತುಂಡಾಗಿ ಹೋಗಬೇಕು. ಕಾಲಿನ ಹೆಬ್ಬೆರಳ ಉಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲ್ಲಿಮೀಟರಿನಷ್ಟು. ಪೂರ್ತಿ ಹೊಸತಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ನಾವೋ, ಒಂದು ವಾರ ಸವರಿ ಗುಣ ಕಾಣದಿದ್ದರೆ ಮದ್ದು ಬದಲಿಸುವ ಜನ!

ಈ ಪಾಠ ನಮಗೆ ಹೊಸತಾಗಬೇಕಿರಲಿಲ್ಲ. ತೋಟ ಅದನ್ನು ವರ್ಷವೂ ಕಲಿಸುತ್ತಿತ್ತು. ಅಡಕೆಯ ಕೊಳೆರೋಗಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರು ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ, ಮಳೆ ಹಿಡಿಯುವ ಮುನ್ನವೇ ಮೊದಲ ಮದ್ದು ಬಿಡುತ್ತೇವೆ. 40–45 ದಿನಗಳಲ್ಲಿ ಎರಡನೆಯದು. ಕೊಳೆತ ಗೊನೆಗೆ ಮದ್ದು ಬಿಟ್ಟು ಅಡಕೆಯನ್ನು ಉಳಿಸಿಕೊಂಡವರಿಲ್ಲ. ಗೊನೆಯ ವಿಷಯದಲ್ಲಿ ಇಷ್ಟು ಜಾಣರಾದ ನಾವು ಕಾಲಿನ ವಿಷಯದಲ್ಲಿ ಮಾತ್ರ ಕೊಳೆತ ಮೇಲೆ ಮದ್ದು ಹುಡುಕಿದೆವು.

ಮನೆಮದ್ದು ನಿರರ್ಥಕವೆಂದು ನಮ್ಮ ಅಭಿಪ್ರಾಯವಲ್ಲ; ಅದರ ನಿಜವಾದ ಸ್ಥಾನ ರೋಗ ಬಾರದಂತೆ ತಡೆಯುವಲ್ಲಿ ಇದೆ. ತೋಟದಿಂದ ಬಂದೊಡನೆ ಕಾಲನ್ನು ಸಾಬೂನಿನಿಂದ ತೊಳೆದು, ಒಣ ಬೈರಾಸಿನಿಂದ ಪ್ರತಿಯೊಂದು ಸಂದಿಯನ್ನೂ ಒರಸುವುದು ಈಗ ನಮ್ಮ ಮನೆಯ ನಿಯಮ. ಇದಕ್ಕಿಂತ ದೊಡ್ಡ ಮನೆಮದ್ದನ್ನು ನಾವು ಕಾಣೆವು. ಒದ್ದೆ ಪಾದರಕ್ಷೆಯನ್ನು ಒಣಗಿಸದೆ ಮರಳಿ ಹಾಕುವುದಿಲ್ಲ. ಎರಡು ಜೊತೆಗಳನ್ನು ಸರದಿಯಂತೆ ಉಪಯೋಗಿಸುತ್ತೇವೆ. ಉಗುರನ್ನು ಮೂಲೆ ಕೊರೆಯದೆ ನೇರವಾಗಿ ಕತ್ತರಿಸುತ್ತೇವೆ. ರೋಗವಿದ್ದವರ ಉಗುರು ಕತ್ತರಿ ಬೇರೆ, ಬೈರಾಸು ಬೇರೆ. ಸಂದಿಯಲ್ಲಿ ನಂಜು ಕಂಡರೆ ಅದು ಉಗುರಿಗೆ ದಾಟುವ ಮೊದಲೇ ಚಿಕಿತ್ಸೆ ಮಾಡಿಸುತ್ತೇವೆ. ಅಂಗಡಿಯಲ್ಲಿ ಕೇಳಿ ತಂದ ಮುಲಾಮುಗಳನ್ನು ಹಚ್ಚುವುದಿಲ್ಲ. ಅಂಥವುಗಳಲ್ಲಿ ಸ್ಟೆರಾಯಿಡ್ ಬೆರೆತಿದ್ದರೆ ತುರಿಕೆ ಅಡಗಿ ರೋಗ ಮಾತ್ರ ಹಬ್ಬುತ್ತದೆ. ಸಕ್ಕರೆ ಕಾಯಿಲೆ ಇದ್ದವರಂತೂ ಕಾಲನ್ನು ಬಿಸಿನೀರಿನಲ್ಲಿ ಅದ್ದಿಡಲೇಬಾರದು, ಬರಿಗಾಲಿನಲ್ಲಿ ನಡೆಯಬಾರದು, ಪ್ರತಿದಿನ ಅಂಗಾಲನ್ನು ಇನ್ನೊಬ್ಬರಿಂದ ನೋಡಿಸಿಕೊಳ್ಳಬೇಕು. ಉಗುರು ಕೆಟ್ಟರೆ ಮೊದಲು ಡಾಕ್ಟರರು, ಅನಂತರ ಬೇರೆ ಮಾತು.

2018ರ ಮಳೆಗಾಲದ ವೇಳೆಗೆ ತಾಯಿಯವರ ಉಗುರು ಸ್ವಚ್ಛವಾಗಿ ಬೆಳೆದಿತ್ತು. ಅವರಿಗೀಗ ಎಂಬತ್ತು ಸಮೀಪಿಸುತ್ತಿದೆ. ಸಂಜೆ ಕಾಲು ತೊಳೆಯುವ ಹೊತ್ತಿಗೆ ನಮ್ಮಲ್ಲಿ ಒಬ್ಬರು ಉಗುರುಬೆಚ್ಚಗಿನ ನೀರು ತರುತ್ತೇವೆ. ಹುಣ್ಣಿನ ದಿನಗಳಲ್ಲಿ ಡಾಕ್ಟರರು, ನೀರಿಗೆ ಮೊಣಕೈ ಅದ್ದಿ ಹದ ನೋಡಿ ಎಂದಾಗ ತಾಯಿಯವರು ನಮ್ಮ ಮುಖ ನೋಡಿ, "ನಿಮ್ಮನ್ನೆಲ್ಲ ಮೀಯಿಸುವಾಗ ನಾನು ದಿನವೂ ಹಾಗೆ ನೋಡುತ್ತಿದ್ದೆ" ಎಂದಿದ್ದರು. ಆಕ್ಷೇಪಿಸುವ ದನಿ ಅದಾಗಿರಲಿಲ್ಲ. ಆದರೂ ಅಂದಿನಿಂದ ಮೊಣಕೈ ಅದ್ದದೆ ನಾವು ಅವರ ಕಾಲಿಗೆ ನೀರು ಹನಿಸಿದ್ದಿಲ್ಲ.