ನಿಂತು ಮಾತನಾಡುವವರು

ನಡೆಯುವುದಕ್ಕೆ ಎರಡು ಕಾಲಿದ್ದರೆ ಸಾಕು ಎನ್ನುವವರಿಗೆ ಇನ್ನೂ ಎಪ್ಪತ್ತಾಗಿಲ್ಲವೆಂದು ಧಾರಾಳವಾಗಿ ಹೇಳಬಹುದು. ಎಪ್ಪತ್ತು ದಾಟಿದವನಿಗೆ ಕಾಲಿನ ಜತೆಗೆ ತಲೆಯೂ ಬೇಕು. ಅದೂ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳದೆ ಬಿಡುವಾಗಿರುವ ತಲೆ. ನನಗೀಗ ಎಪ್ಪತ್ತನಾಲ್ಕು. ಈ ವಿಷಯದಲ್ಲಿ ಮಾತನಾಡಲು ನನಗೆ ಅಧಿಕಾರವುಂಟೆಂದು ವಾಚಕರು ಒಪ್ಪಬೇಕು.

ಲೆಕ್ಕಪತ್ರದ ಕಚೇರಿಯೊಂದರಲ್ಲಿ ಮೂವತ್ತನಾಲ್ಕು ವರ್ಷ ಸವೆಸಿದವನು ನಾನು. ಬಸವನಗುಡಿಯ ಮನೆಯಿಂದ ಕಚೇರಿಗೆ ನಡೆದೇ ಹೋಗುತ್ತಿದ್ದೆ. ಹಿಂದಿನ ದಿನ ಸಂಜೆ ಹನ್ನೆರಡು ರೂಪಾಯಿ ನಲವತ್ತು ಪೈಸೆಗೆ ತಾಳೆಯಾಗದೆ ಉಳಿದ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಹೊರಟರೆ, ಮಿನರ್ವ ವೃತ್ತ ದಾಟಿ ಟೌನ್ ಹಾಲ್ ಮುಟ್ಟುವುದರೊಳಗೆ ತಪ್ಪು ಯಾವ ಪುಟದಲ್ಲಿದೆಯೆಂದು ಹೊಳೆದಿರುತ್ತಿತ್ತು. ನಡುವೆ ಎಷ್ಟು ಚರಂಡಿ ದಾಟಿದೆ, ಎಷ್ಟು ಸೈಕಲ್ಲಿಗೆ ದಾರಿ ಬಿಟ್ಟೆ, ಒಂದೂ ನೆನಪಿರುತ್ತಿರಲಿಲ್ಲ. ಕಾಲಿನ ಪಾಡಿಗೆ ಕಾಲು, ತಲೆಯ ಪಾಡಿಗೆ ತಲೆ. ನಿಜ ಹೇಳಬೇಕೆಂದರೆ, ಕುರ್ಚಿಯಲ್ಲಿ ಕೂತು ನಾನು ಮಾಡಿದ ಯೋಚನೆಯೆಲ್ಲ ಸಾಧಾರಣ. ಒಳ್ಳೆಯ ಯೋಚನೆಗಳು ದಾರಿಯಲ್ಲಿ ಬಂದವು.

ಈಗ ಕೃಷ್ಣರಾವ್ ಪಾರ್ಕಿನಲ್ಲಿ ಸುತ್ತು ಹಾಕುತ್ತಿರುವಾಗ ಮನೆಯವಳು, “ರೀ, ಹಾಲಿನವನಿಗೆ ಈ ತಿಂಗಳು ಎಷ್ಟಾಯ್ತು? ನಾಲ್ಕು ದಿನ ಬೇಡ ಅಂದಿದ್ವಲ್ಲ” ಎಂದು ಕೇಳುತ್ತಾಳೆ. ನಾನು ನಿಂತುಬಿಡುತ್ತೇನೆ. ಬೇಕೆಂದು ನಿಲ್ಲುವುದಲ್ಲ, ಕಾಲು ತಾನಾಗಿ ನಿಲ್ಲುತ್ತದೆ.

“ಯಾಕೆ ನಿಂತ್ರಿ?”

“ಲೆಕ್ಕ ಮಾಡ್ತಾ ಇದೀನಿ.”

“ನಡೀತಾ ಮಾಡೋಕಾಗಲ್ವೆ?”

ಆಗುವುದಿಲ್ಲ. ಲೆಕ್ಕ ಸರಿಯಾಗಿಯೇ ಬರುತ್ತದೆ, ಒಂದು ಪೈಸೆ ಅತ್ತಿತ್ತ ಇಲ್ಲ. ಆದರೆ ಅದು ನಿಂತ ಮನುಷ್ಯನ ಲೆಕ್ಕ.

ಇದರ ಒಳಗುಟ್ಟು ಕಚೇರಿಯ ಗುಟ್ಟಿನಂತೆಯೇ ಇದೆ. ಪ್ರಾಯದವರ ನಡಿಗೆಯ ಲಯವನ್ನು ಬೆನ್ನುಹುರಿಯೂ ಕಿರುಮೆದುಳೂ ಬಹುಮಟ್ಟಿಗೆ ತಮ್ಮತಮ್ಮಲ್ಲೇ ನೋಡಿಕೊಳ್ಳುತ್ತವೆ. ಕೆಳಗಿನ ಗುಮಾಸ್ತರೇ ಕಡತ ವಿಲೇವಾರಿ ಮಾಡುತ್ತಾರೆ. ಹಣೆಯ ಹಿಂದೆ ಕೂತಿರುವ ದೊಡ್ಡ ಸಾಹೇಬರಿಗೆ ಅದರ ಗೊಡವೆಯೇ ಇಲ್ಲ. ವಯಸ್ಸಾದಂತೆ ಅಂಗಾಲಿನ ಸ್ಪರ್ಶ ಮಂದವಾಗುತ್ತದೆ, ಕಣ್ಣು ಮಂಜಾಗುತ್ತದೆ, ಸಮತೋಲ ಕಾಯುವ ಒಳಕಿವಿಯೂ ಚುರುಕು ಕಳೆದುಕೊಳ್ಳುತ್ತದೆ. ಕೆಳಗಿನಿಂದ ಬರುವ ವರದಿಯೆಲ್ಲ ಅರೆಬರೆ. ಆಗ ಒಂದೊಂದು ಹೆಜ್ಜೆಯ ಕಡತವೂ ಸಾಹೇಬರ ಮೇಜಿಗೆ ಬರತೊಡಗುತ್ತದೆ. ಸಾಹೇಬರಿಗೂ ವಯಸ್ಸಾಗಿದೆ, ಒಂದು ಸಲಕ್ಕೆ ಒಂದೇ ಕಡತ ನೋಡುತ್ತಾರೆ. ಹಾಲಿನ ಲೆಕ್ಕ ಎದುರಿಗಿಟ್ಟರೆ ಹೆಜ್ಜೆಯ ಕಡತ ಪಕ್ಕಕ್ಕೆ ಸರಿಯುತ್ತದೆ. ಇನ್ನು ನಮ್ಮ ಬೆಂಗಳೂರಿನ ಕಾಲುದಾರಿಗಳಲ್ಲಿ, ಎಲ್ಲಿ ಚಪ್ಪಡಿ ಇದೆ, ಎಲ್ಲಿ ಇಲ್ಲ ಎಂಬುದಕ್ಕೇ ಸಾಹೇಬರ ರುಜು ಪ್ರತ್ಯೇಕ ಬೇಕು.

ನೂರರಿಂದ ಏಳೇಳು ಕಳೆಯುತ್ತ ನಡೆಯಿರಿ ಎಂದು ಹೇಳಿ ವೈದ್ಯರು ನಡಿಗೆಯನ್ನು ಪರೀಕ್ಷಿಸುವುದುಂಟು. ನಾನು ನಮ್ಮ ಮನೆಯ ಪಡಸಾಲೆಯಲ್ಲಿ ಪ್ರಯತ್ನಿಸಿದೆ. ತೊಂಬತ್ತಮೂರಕ್ಕೆ ಗತ್ತಿನಿಂದ ಹೋದೆ. ಎಂಬತ್ತಾರಕ್ಕೆ ಹೆಜ್ಜೆ ಸಣ್ಣದಾಯಿತು. ಎಪ್ಪತ್ತೊಂಬತ್ತಕ್ಕೆ ಗೋಡೆಯ ಕಡೆ ಕೈ ಹೋಯಿತು. ಎಪ್ಪತ್ತೆರಡನ್ನು ನಿಂತೇ ಹೇಳಿದೆ.

೧೯೯೭ರಲ್ಲಿ ಸ್ವೀಡನ್ನಿನ ಲುಂಡಿನ್-ಓಲ್ಸನ್ ಮತ್ತು ಅವರ ಸಹೋದ್ಯೋಗಿಗಳು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಯಂತ್ರವಿಲ್ಲ, ತಂತ್ರವಿಲ್ಲ. ವೃದ್ಧರ ವಸತಿಯೊಂದರ ೫೮ ಜನರ ಜತೆ ನಡೆಯುತ್ತ ನಡೆಯುತ್ತ ಮಾತು ತೆಗೆದರು, ಅಷ್ಟೆ. ೧೨ ಮಂದಿ ಉತ್ತರ ಹೇಳಲು ನಿಂತರು. ಮುಂದಿನ ಆರು ತಿಂಗಳಲ್ಲಿ ಆ ೧೨ ಜನರ ಪೈಕಿ ೧೦ ಜನ ಎಲ್ಲಾದರೂ ಬಿದ್ದರು. ಓದಿದಾಗ ನನಗೆ ಮೈ ಜುಮ್ಮೆಂದಿತು. ಆದರೆ ಲೆಕ್ಕದವನ ಚಾಳಿ, ಉಳಿದ ಅಂಕಿಯನ್ನೂ ನೋಡಿದೆ. ನಿಲ್ಲದೆ ಮಾತನಾಡಿದ ೪೬ ಮಂದಿಯಲ್ಲೂ ೧೧ ಜನ ಬಿದ್ದಿದ್ದರು. ಅಲ್ಲದೆ ಅವರು ವಸತಿಯ ಆರೈಕೆಯಲ್ಲಿದ್ದ ನಿಶ್ಶಕ್ತರು; ಪಾರ್ಕಿನಲ್ಲಿ ಐದು ಸುತ್ತು ಹಾಕುವವರಲ್ಲ. ಹೀಗೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಂತದ್ದರಿಂದ ಅವರು ಬೀಳಲಿಲ್ಲ. ಕೈಯಲ್ಲಿ ಇನ್ನು ಕಾಸಿಲ್ಲ ಎಂಬುದನ್ನು ಆ ನಿಲುಗಡೆ ಮೊದಲೇ ಹೇಳಿತು ಎಂಬುದು ನನ್ನ ತಿಳಿವಳಿಕೆ.

ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರ ಪರೀಕ್ಷೆ ನನಗೆ ಇನ್ನೂ ಇಷ್ಟವಾಯಿತು. ಕಿರಿದಾದ ದಾರಿಯಲ್ಲಿ ನಡೆಸುತ್ತ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರು. ಎರಡೂ ಕೆಲಸ ಒಟ್ಟಿಗೆ ಬಂದಾಗ ಇಪ್ಪತ್ತರ ಆಸುಪಾಸಿನವರಿಗಿಂತ ಅರವತ್ತರವರಿಗೆ ಹೆಚ್ಚು ನಷ್ಟವಾಯಿತು. ನಲವತ್ತರವರಲ್ಲೇ ಅದರ ಸುಳಿವಿತ್ತು. ಇದು ೨೦೦೦ದಲ್ಲಿ ಪ್ರಕಟವಾದದ್ದು. ಮರುವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಹಿಡಿದುಕೊಳ್ಳಲು ಒಂದು ಕೈಪಿಡಿಯನ್ನೂ ನೆನಪಿಗೆ ಒಂದು ಸಹಾಯವನ್ನೂ ಒದಗಿಸಿದರು. ಹುಡುಗರು ನೆನಪಿನ ಸಹಾಯವನ್ನು ಚೆನ್ನಾಗಿ ಬಳಸಿಕೊಂಡರು. ಮುದುಕರು ಕೈಪಿಡಿ ಹಿಡಿದರು. ಪದ ಹೋದರೆ ಹೋಗಲಿ, ಸೊಂಟ ಉಳಿಯಲಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಎಲ್ಲರಿಗೂ ಈ ಬುದ್ಧಿ ಒದಗುವುದಿಲ್ಲ. ನಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲರೂ ಮೇಷ್ಟ್ರು ಎಂದೇ ಕರೆಯುವವರೊಬ್ಬರಿದ್ದಾರೆ. ಕಳೆದ ವರ್ಷ ಗಾಂಧಿಬಜಾರಿನಲ್ಲಿ ಹೂವು ಕೊಂಡು ಬರುತ್ತಿದ್ದಾಗ ಅವರ ಜೇಬಿನಲ್ಲಿ ಮೊಬೈಲು ಕೂಗಿತು. ಅಮೆರಿಕದಲ್ಲಿರುವ ಮೊಮ್ಮಗಳು. “ತಾತ, ನಿಮ್ಮೂರಲ್ಲಿ ಒಂದು ಹೊಳೆ ಇತ್ತಲ್ಲ, ಅದರ ಹೆಸರೇನು? ಸ್ಕೂಲಿಗೆ ಬರೀಬೇಕು.” ಹುಟ್ಟಿ ಈಜು ಕಲಿತ ಹೊಳೆಯ ಹೆಸರು ಆ ಗಳಿಗೆಯಲ್ಲಿ ನಾಲಿಗೆಯ ತುದಿಯಲ್ಲಿ ಕೂತು ಸತಾಯಿಸಿತಂತೆ. ಮೇಷ್ಟ್ರ ಕಾಲು ನಿಲ್ಲಲಿಲ್ಲ. ಐದಾರು ಹೆಜ್ಜೆ ಹುಡುಕುತ್ತಲೇ ನಡೆದು, “ಹೇಮಾವತಿ, ಮಗು” ಎಂದರು. ಆ ಹೆಜ್ಜೆಯಲ್ಲಿ ಚಪ್ಪಡಿಯೊಂದು ಎರಡಂಗುಲ ಎದ್ದಿತ್ತು. ಸೊಂಟದ ಬಳಿ ತೊಡೆಯ ಮೂಳೆ ಮುರಿಯಿತು. ಬಿದ್ದ ಸದ್ದನ್ನು ಮಗು ಫೋನಿನಲ್ಲೇ ಕೇಳಿಸಿಕೊಂಡಿತು. ಆಸ್ಪತ್ರೆಯಲ್ಲಿ ನಾವೆಲ್ಲ ಸುತ್ತ ನಿಂತಾಗ ಮೇಷ್ಟ್ರು ಹೇಳಿದ್ದು ಇಷ್ಟು: “ಉತ್ತರ ಹೇಳಿಯೇ ಬಿದ್ದೆ, ರಾಯರೇ.” ನಲವತ್ತು ವರ್ಷ ಪಾಠ ಹೇಳಿದವರು, ಪ್ರಶ್ನೆ ಬಂದ ಮೇಲೆ ಅದನ್ನು ಕೈಬಿಟ್ಟು ಕಂಬ ಹಿಡಿದುಕೊಳ್ಳುವುದು ಅವರ ಜಾಯಮಾನವಲ್ಲ.

ಅಷ್ಟಾವಧಾನಕ್ಕೆ ಹೋದಾಗಲೆಲ್ಲ ನನಗೆ ಬೆರಗು. ಎಂಟು ಜನ ಪೃಚ್ಛಕರು ಎಂಟು ಕಡೆಯಿಂದ ಎಳೆಯುತ್ತಾರೆ. ಒಬ್ಬರು ಅಕ್ಷರ ನಿಷೇಧಿಸುತ್ತಾರೆ, ಇನ್ನೊಬ್ಬರು ಸಮಸ್ಯೆ ಒಡ್ಡುತ್ತಾರೆ, ಮತ್ತೊಬ್ಬರು ನಡುನಡುವೆ ಅಪ್ರಸ್ತುತ ಪ್ರಸಂಗ ತೆಗೆದು ಕಾಡುತ್ತಾರೆ. ಅವಧಾನಿ ಎಲ್ಲವನ್ನೂ ನಿಭಾಯಿಸುತ್ತಾರೆ. ಈಚೆಗೆ ಇನ್ನೊಂದು ವಿಷಯ ಗಮನಕ್ಕೆ ಬಂತು: ಅವರು ಕೂತಿರುತ್ತಾರೆ. ನಮ್ಮ ಹಿರಿಯರು ಎಂಟು ಕೆಲಸಗಳನ್ನು ಪಟ್ಟಿಮಾಡುವಾಗ ನಡಿಗೆಯನ್ನು ಒಂಬತ್ತನೆಯದಾಗಿ ಸೇರಿಸಲಿಲ್ಲ.

ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡೇ ನಡೆಯಬೇಕೆಂದಿಲ್ಲ. ಜಿನೀವಾದಲ್ಲಿ ೬೫ ದಾಟಿದ ೧೩೪ ಜನರನ್ನಿಟ್ಟುಕೊಂಡು ನಡೆಸಿದ ಒಂದು ಪ್ರಯೋಗ ೨೦೧೧ರಲ್ಲಿ ಪ್ರಕಟವಾಯಿತು. ಆ ಊರಿನ ಸಂಗೀತದ ಗುರು ಜಾಕ್-ಡಾಲ್ಕ್ರೋಜ್ ಶತಮಾನದ ಹಿಂದೆ ರೂಪಿಸಿದ ಕ್ರಮ: ಪಿಯಾನೊ ನುಡಿದಂತೆ ನಡೆಯುವುದು, ಲಯ ಬದಲಾದರೆ ಹೆಜ್ಜೆ ಬದಲಿಸುವುದು. ವಾರಕ್ಕೆ ಒಂದು ಗಂಟೆ, ಆರು ತಿಂಗಳು. ಅಭ್ಯಾಸ ಮಾಡಿದವರ ನಡಿಗೆ ಸುಧಾರಿಸಿತು, ಬೀಳುವುದು ಕಡಿಮೆಯಾಯಿತು. ಇದನ್ನು ಮನೆಯವಳಿಗೆ ಹೇಳಿದೆ. ಆಕೆ ಹಲವು ವರ್ಷಗಳಿಂದ ಭಜನಾ ಮಂಡಳಿಗೆ ಹೋಗುತ್ತಾಳೆ. ಪಾರ್ಕಿನಲ್ಲೂ ದೇವರನಾಮ ಗುನುಗುತ್ತ, ತೊಡೆಯ ಮೇಲೆ ಬೆರಳಿನಲ್ಲೇ ತಾಳ ಹಾಕುತ್ತ ನನಗಿಂತ ಹತ್ತು ಹೆಜ್ಜೆ ಮುಂದಿರುತ್ತಾಳೆ. “ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೆ?” ಎಂದಳು. ಅವಳದು ಪ್ರಯೋಗವಲ್ಲ, ಅದರಿಂದ ಏನೂ ಸಿದ್ಧವಾಗುವುದಿಲ್ಲ ಎಂದು ವಾದಿಸಬಹುದಿತ್ತು. ವಾದಿಸಬೇಕಾದರೆ ನಿಲ್ಲಬೇಕು, ಅಷ್ಟರಲ್ಲಿ ಅವಳು ಮುಂದೆ ಹೋಗಿಬಿಟ್ಟಿರುತ್ತಾಳೆ.

ನನಗೆ ಕಷ್ಟವಾಗಿರುವುದು ಬೀಳುವ ಭಯಕ್ಕಿಂತ ಹೆಚ್ಚಾಗಿ ಇನ್ನೊಂದು. ನಡೆಯುವಾಗ ಬರುತ್ತಿದ್ದ ಯೋಚನೆ ಈಗ ಬರುವುದಿಲ್ಲ. ಆ ಜಾಗದಲ್ಲಿ ಚಪ್ಪಡಿ, ಬೇರು, ನಾಯಿ, ಮಕ್ಕಳ ಚೆಂಡು ಕೂತಿವೆ. ಮೇಷ್ಟ್ರಿಗೂ ನನಗೂ ಸ್ನೇಹ ಬೆಳೆದದ್ದೇ ನಡೆದುಕೊಂಡು ಆಡಿದ ಮಾತಿನಿಂದ. ಲಾಲ್‌ಬಾಗಿನ ಬಂಡೆ ಹತ್ತುತ್ತ ಹತ್ತುತ್ತ ಒಂದು ಇಡೀ ಕಾದಂಬರಿಯ ಬಗ್ಗೆ ಜಗಳವಾಡಿದ್ದೇವೆ.

ಈಗ ಮೇಷ್ಟ್ರು ಕೋಲೂರಿ ಪಾರ್ಕಿಗೆ ಬರುತ್ತಾರೆ. ಒಂದು ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಇಬ್ಬರೂ ಮೌನ, ಕಣ್ಣು ನೆಲದ ಮೇಲೆ. ಕೂತೊಡನೆ ಅವರು ಬಿಟ್ಟಲ್ಲಿಂದ ಮಾತು ಎತ್ತಿಕೊಳ್ಳುತ್ತಾರೆ, ಒಂದು ಪದವೂ ತಪ್ಪುವುದಿಲ್ಲ. ಮೊನ್ನೆ ಹೇಮಾವತಿಯಲ್ಲಿ ಈಜು ಕಲಿತ ಕಥೆ ಶುರುವಾಗಿತ್ತು. ಕಥೆ ಮುಗಿಯುವ ಮೊದಲೇ ಬೆಂಚುಗಳು ಮುಗಿದವು. ಇನ್ನೊಂದು ಸುತ್ತು ಹೊರಟೆವು.