ಕೊನೆಯ ಅಕ್ಷರ

ಕಡೂರಿನ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಹಳೆಯ ಫಿಲಿಪ್ಸ್ ವಾಲ್ವ್ ರೇಡಿಯೊ ಇತ್ತು. ಅದರ ಹಿಂಬದಿಯ ರಟ್ಟಿನ ಮೇಲಿದ್ದ ಮಾಡೆಲ್ ನಂಬರನ್ನು ತೋರಿಸಿ ಅಜ್ಜ, "ಕೊನೆಯ ಅಕ್ಷರ ನೋಡು, ರೇಡಿಯೊದ ಜಾತಕ ಅಲ್ಲೇ ಇದೆ" ಎನ್ನುತ್ತಿದ್ದರು. 'ಎ' ಇದ್ದರೆ ಎಸಿ ಕರೆಂಟಿನ ಸೆಟ್ಟು. 'ಯು' ಇದ್ದರೆ ಎಸಿ, ಡಿಸಿ ಎರಡಕ್ಕೂ ಆಗುತ್ತದೆ. 'ಬಿ' ಇದ್ದರೆ ಬ್ಯಾಟರಿಯದು. ನಮ್ಮದು 'ಬಿ'. ಅಜ್ಜ ಮೇಷ್ಟರಾಗಿದ್ದ ಹಳ್ಳಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ.

ಅದಕ್ಕೆ ಎರಡು ಬಗೆಯ ಶಕ್ತಿ ಬೇಕು. ವಾಲ್ವಿನೊಳಗಿನ ತಂತಿ ಕಾಯಲು ಒಂದೂವರೆ ವೋಲ್ಟು. ಅದರಿಂದ ಹೊರಡುವ ಎಲೆಕ್ಟ್ರಾನುಗಳನ್ನು ಎಳೆದುಕೊಳ್ಳಲು 90 ವೋಲ್ಟು. ಇಟ್ಟಿಗೆಯಂಥ ಆ ಬ್ಯಾಟರಿ ದುಬಾರಿ. ಹಾಗಾಗಿ ಅಜ್ಜ ವಾರ್ತೆಗೆ ಮಾತ್ರ ರೇಡಿಯೊ ಹಾಕುತ್ತಿದ್ದರಂತೆ. ವಾರ್ತೆ ಮುಗಿದ ಕೂಡಲೇ 'ಟಕ್' ಎಂದು ಆರಿಸುತ್ತಿದ್ದರಂತೆ. ಹಾಡು ಕೇಳಬೇಕೆಂಬ ಅಜ್ಜಿಯ ಆಸೆ ಆಸೆಯಾಗಿಯೇ ಉಳಿಯಿತು. ಮುಂದೆ ಆ ಬ್ಯಾಟರಿ ಸಿಗುವುದೂ ನಿಂತು, ರೇಡಿಯೊ ಅಟ್ಟ ಸೇರಿತು.

1990ರ ಆಗಸ್ಟ್ 2ರಂದು ಇರಾಕ್ ಸೈನ್ಯ ಕುವೈತಿಗೆ ನುಗ್ಗಿತು. ನಮ್ಮ ಚಿಕ್ಕಪ್ಪ ಅಲ್ಲಿದ್ದರು. ನಾನಾಗ ಐದನೇ ಕ್ಲಾಸು. ಫೋನಿಲ್ಲ, ಕಾಗದವಿಲ್ಲ. ಅಜ್ಜಿ ಊಟ ಬಿಟ್ಟರು. ಮನೆಯಲ್ಲಿದ್ದ ಪುಟ್ಟ ಟ್ರಾನ್ಸಿಸ್ಟರಿಗೆ ಮೀಡಿಯಂ ವೇವ್ ಮಾತ್ರ. ಭದ್ರಾವತಿ ಆಕಾಶವಾಣಿ ಚೆನ್ನಾಗಿ ಬರುತ್ತಿತ್ತು. ಬಿಬಿಸಿ ಕೇಳಬೇಕೆಂದರೆ ಶಾರ್ಟ್‌ವೇವ್ ಬೇಕು. ರಾತ್ರಿಯೆಲ್ಲ ಪಕ್ಕದ ಮನೆಯ ಬಾಗಿಲು ತಟ್ಟುವುದಾದರೂ ಹೇಗೆ?

ಅಜ್ಜ ಅಟ್ಟದಿಂದ 'ಬಿ'ಯನ್ನು ಇಳಿಸಿದರು. ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿಯವರು ಒಣಗಿದ್ದ ಕಂಡೆನ್ಸರ್‌ಗಳನ್ನು ಬದಲಿಸಿದರು. ಆಮೇಲೆ ಅಜ್ಜನಿಗೆ ಒಂದು ಉಪಾಯ ಹೇಳಿಕೊಟ್ಟರು: 9 ವೋಲ್ಟಿನ ಹತ್ತು ಚಿಕ್ಕ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 90 ವೋಲ್ಟು! ಒಂದೂವರೆ ವೋಲ್ಟಿಗೆ ದಪ್ಪ ಟಾರ್ಚ್ ಸೆಲ್ಲು. ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ಸು ಸೇರಿಸುವಾಗ ಬ್ಯಾಟರಿ ಎಣಿಸಿಕೊಡುವ ಕೆಲಸ ನನ್ನದು. "ತುದಿಯ ತಂತಿ ಮುಟ್ಟಬೇಡ, ಶಾಕ್ ಹೊಡೆಯುತ್ತೆ" ಎಂದು ಅಜ್ಜ ಗದರಿಸಿದರು. ಹಿತ್ತಲಿನ ತೆಂಗಿನ ಮರದಿಂದ ಸೂರಿನವರೆಗೆ ತಾಮ್ರದ ಏರಿಯಲ್ ಎಳೆದೆವು.

ಆ ರಾತ್ರಿ 25 ಮೀಟರಿನ ಹತ್ತಿರ ಮುಳ್ಳು ಹೊರಳಿಸುತ್ತಾ ಅಜ್ಜ ಲೆಕ್ಕ ಕಲಿಸಿದರು. 300ನ್ನು ಮೀಟರಿನಿಂದ ಭಾಗಿಸಿದರೆ ಮೆಗಾಹರ್ಟ್ಸ್. 25 ಮೀಟರ್ ಅಂದರೆ 12. ಇಂಥ ಅಲೆಗಳು ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳದಿಂದ ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತವೆ. ಅದಕ್ಕೇ ಸಮುದ್ರದಾಚೆಯ ದನಿ ಕಡೂರಿಗೂ ಬರುತ್ತದೆ. ಕೊರಕೊರ, ಸುಂಯ್ ಎಂಬ ಸದ್ದಿನ ನಡುವೆ ಬಿಬಿಸಿ ಸಿಕ್ಕಿತು. ಅಜ್ಜ ಇಂಗ್ಲಿಷ್ ಕೇಳಿ ಕನ್ನಡದಲ್ಲಿ ಹೇಳುತ್ತಿದ್ದರು. ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದರು. ಕೆಟ್ಟ ಸುದ್ದಿ ಬಂದ ದಿನ ಅಜ್ಜ, "ಸರಿಯಾಗಿ ಕೇಳಿಸಲಿಲ್ಲ" ಎಂದುಬಿಡುತ್ತಿದ್ದರು. ವಾರ್ತೆ ಮುಗಿದೊಡನೆ ಮತ್ತದೇ 'ಟಕ್'.

ಆಗಸ್ಟ್ ನಡುವಿನಲ್ಲಿ, ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಭಾರತೀಯರನ್ನು ಮುಂಬಯಿಗೆ ಕರೆತರುತ್ತಿರುವುದು ತಿಳಿಯಿತು. ಅಕ್ಟೋಬರ್ ಹೊತ್ತಿಗೆ ಹೀಗೆ ಬಂದವರು 1,70,000ಕ್ಕೂ ಹೆಚ್ಚು. ಅಷ್ಟು ಜನರಲ್ಲಿ ನಮಗೆ ಬೇಕಾಗಿದ್ದವರು ಒಬ್ಬರು. ವಾರ್ತೆಯಲ್ಲಿ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಆದರೂ 'ಅಮ್ಮಾನ್' ಎಂಬ ಶಬ್ದ ಕೇಳಿದರೆ ಸಾಕು, ಅಜ್ಜಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬರುತ್ತಿದ್ದರು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಚಿಕ್ಕಪ್ಪ ಕಡೂರು ಸ್ಟೇಷನ್ನಿನಲ್ಲಿ ಇಳಿದರು. ಕೈಯಲ್ಲಿ ಒಂದೇ ಚೀಲ. ಊಟವಾದ ಮೇಲೆ ಅಜ್ಜ ರೇಡಿಯೊ ಹಾಕಿದರು. ವಾರ್ತೆಗಲ್ಲ, ಬ್ಯಾಂಡ್ ಬದಲಿಸಿ ಭದ್ರಾವತಿ ಹಿಡಿದರು. ಚಿತ್ರಗೀತೆ ಶುರುವಾಯಿತು. ಒಂದು ಹಾಡು ಮುಗಿಯಿತು, ಇನ್ನೊಂದು ಬಂತು. ಅಜ್ಜನ ಕೈ ಗುಂಡಿಯ ಕಡೆ ಹೋಗಲೇ ಇಲ್ಲ.

"ರೀ, ಬ್ಯಾಟ್ರಿ ಮುಗಿದುಹೋಗುತ್ತಲ್ರೀ" ಎಂದರು ಅಜ್ಜಿ.

"ಮುಗೀಲಿ ಬಿಡೇ. ನೀನು ಹಾಡು ಕೇಳು."